ಒಂಬತ್ತು ನಿಮಿಷದ ಗೇಟು

ಮೊರಾವಿಯಾದ ಈ ಊರಿನಲ್ಲಿ ನನ್ನ ಕೆಲಸ ಸಣ್ಣದು:
ರೈಲು ಬಂದರೆ ಇಳಿಸು, ಹೋದರೆ ಎತ್ತು.
ಇಪ್ಪತ್ತಾರು ವರ್ಷ ಇಳಿಸಿದ್ದೇನೆ, ಎತ್ತಿದ್ದೇನೆ.
ಕಲ್ಲಿದ್ದಲು ಹೋಯಿತು, ಬೀಟ್‌ರೂಟು ಹೋಯಿತು,
ಹೊಳೆಯುವ ಹೊಸ ಕಾರುಗಳು ಹೋದವು.
ಏನು ಹೊತ್ತಿದ್ದೀ ಎಂದು
ಯಾವ ರೈಲನ್ನೂ ಕೇಳಿದವನಲ್ಲ.

ಗುರುವಾರ ಬೆಳಿಗ್ಗೆ ಏಳೂ ಹತ್ತಕ್ಕೆ
ಪಶ್ಚಿಮದಿಂದ ಪೂರ್ವಕ್ಕೆ ಒಂದು ಗೂಡ್ಸು. ಉದ್ದದ್ದು.
ಹಸಿರು ಟಾರ್ಪಾಲು ಹೊದ್ದ ಗಾಡಿಗಳು,
ಟಾರ್ಪಾಲಿನೊಳಗೆ ಮೂಗು ಚಾಚಿದ ಏನೋ.
ಮಲಗಿದ ಆನೆಗೆ ಚಾದರ ಹೊದಿಸಿದರೆ
ಆನೆ ಅಡಗೀತೆ?

ಗೇಟಿನ ಮುಂದೆ ನಿಂತವರು ನಿಂತಲ್ಲೇ ಪಾರ್ಲಿಮೆಂಟಾದರು.
ನನ್ನ ಗೂಡಿನ ರೇಡಿಯೊದಲ್ಲಿ
ನಿಜವಾದ ಪಾರ್ಲಿಮೆಂಟು ಆಗಷ್ಟೇ ಗಂಟಲು ಸರಿಮಾಡಿಕೊಳ್ಳುತ್ತಿತ್ತು.
ಮತ ಸಂಜೆಗಂತೆ.

"ಕಳಿಸಲಿ" ಎಂದಳು ಲಿಬೂಶೆ, ಅಂಚೆಯ ಸೈಕಲ್ಲಿಗೆ ಒರಗಿ.
"ಅರವತ್ತೆಂಟರಲ್ಲಿ ಇದೇ ರಸ್ತೆಗೆ ಟ್ಯಾಂಕು ಬಂದಾಗ
ಅಪ್ಪ ದಾರಿಯ ಫಲಕಗಳನ್ನೆಲ್ಲ ಕಿತ್ತು
ಬಾತುಕೊಳಕ್ಕೆ ಎಸೆದ.
ನಮ್ಮ ಹತ್ತಿರ ಇದ್ದ ಶಸ್ತ್ರ ಅಷ್ಟೇ.
ಆಗ ಯಾರಾದರೂ ಏನಾದರೂ ಕಳಿಸಿದ್ದರೆ..."
"ಕಳಿಸಿದ್ದರೆ ಅಪ್ಪ ಆ ಕೊಳದ ದಂಡೆಯಲ್ಲೇ ಮಣ್ಣಾಗುತ್ತಿದ್ದ,
ನೀನು ಹುಟ್ಟುತ್ತಲೇ ಇರಲಿಲ್ಲ"
ಎಂದ ಶಾಲೆಯ ಒತಾಕರ್.

"ಮೂರನೇ ತರಗತಿಯಲ್ಲಿ ಬಕೆಟ್ ಇಟ್ಟು ಪಾಠ ಮಾಡುತ್ತಿದ್ದೇನೆ,
ಗುಣಾಕಾರ, ಟಪ್, ಭಾಗಾಕಾರ, ಟಪ್.
ಒಂದು ಶೆಲ್ಲಿಗೆ ಎಷ್ಟು ಹೆಂಚು, ಯಾರಾದರೂ ಲೆಕ್ಕ ಹಾಕಿ."

ಲೆಕ್ಕ ಗೊತ್ತಿದ್ದವನು ವೆಂದೆಲಿನ್. ಶೆಲ್ಲಿನ ಕಾರ್ಖಾನೆಯವನು.
ರಾತ್ರಿಪಾಳಿ ಮುಗಿಸಿ ಬಂದಿದ್ದ, ಬೆರಳಿನ ಸಂದಿಗೆಲ್ಲ ಗ್ರೀಸು.
"ಈಗ ಮೂರು ಪಾಳಿ ನಡೆಯುತ್ತಿದೆ" ಎಂದ.
"ಮಾರ್ಚಿಗೆ ನಮಗೆ ಮಗು."
ಹೌದು ಎನ್ನಲಿಲ್ಲ, ಬೇಡ ಎನ್ನಲಿಲ್ಲ,
ಸಿಗರೇಟು ಹಚ್ಚಿ
ಗಾಳಿಗೆ ಬೆನ್ನು ಹಾಕಿದ.

ಆಮೇಲೆ ಎಲ್ಲರೂ ಒಟ್ಟಿಗೆ ಯಾರಿನಾಳತ್ತ ತಿರುಗಿದರು,
ಕಟಕಟೆಯಲ್ಲಿ ಸಾಕ್ಷಿ ನಿಂತ ಹಾಗೆ.
ಆ ಕಡೆಯಿಂದ ಬಂದವಳು, ಆಸ್ಪತ್ರೆಯ ಹಾಸಿಗೆವಸ್ತ್ರ ಒಗೆಯುವವಳು.
ತುಟಿ ಅಲುಗುತ್ತಿತ್ತು. ಪ್ರಾರ್ಥನೆ ಅಂದುಕೊಂಡಿದ್ದೆ.
ಎಣಿಸುತ್ತಿದ್ದಳು.

"ಮೂವತ್ತೊಂದು. ಹೋದ ವಾರ ನಲವತ್ತಿತ್ತು."

"ಸಾಕಾಗುತ್ತದೆಯೇ?" ಒತಾಕರ್ ಕೇಳಿದ, ಕುಹಕವಿಲ್ಲದೆ.

"ಬೇಕು ಅನ್ನಲು ನಾಚಿಕೆ, ಮೇಷ್ಟ್ರೇ. ಸಾಕು ಅನ್ನಲು ಭಯ.
ತಮ್ಮ ಅಲ್ಲಿದ್ದಾನೆ, ಕಂದಕದಲ್ಲಿ.
ಎದುರು ಕಂದಕದವನಿಗೂ ಒಬ್ಬಳು ಅಕ್ಕ ಇದ್ದಾಳು, ಗೊತ್ತು.
ಅವಳ ಪಾಲಿನದನ್ನು
ನಾನು ಎಣಿಸಲಾರೆ."

ಕೊನೆಯ ಗಾಡಿಯ ಕೆಂಪು ದೀಪ ತಿರುವಿನಲ್ಲಿ ಆರಿತು.
ಯಾರೂ ಮಾತಾಡಲಿಲ್ಲ. ರೇಡಿಯೊ ಒಂದೇ ಮಾತಾಡುತ್ತಿತ್ತು,
ಮಾನ್ಯ ಸದಸ್ಯರೇ, ಮಾನ್ಯ ಸದಸ್ಯರೇ.

ಹಿಡಿಯ ಮೇಲೆ ನನ್ನ ಕೈ.
ಸಂಜೆ ರಾಜಧಾನಿಯಲ್ಲಿ ಅವರೂ ಕೈ ಎತ್ತುತ್ತಾರೆ.
ಕೈ ಎತ್ತುವುದು ಅಂದರೆ ಒಪ್ಪುವುದು,
ಕೈ ಎತ್ತಿಬಿಡುವುದು ಅಂದರೆ ಕೈಬಿಡುವುದು.
ಎಷ್ಟು ಹತ್ತಿರ ಇಟ್ಟಿದ್ದಾರೆ ಎರಡನ್ನೂ.
ಇಪ್ಪತ್ತಾರು ವರ್ಷ ದಾರಿ ಬಿಟ್ಟವನು
ಮತ ಹಾಕಿಲ್ಲ ಅಂತ ಹೇಗೆ ಹೇಳಲಿ?

ಹಿಂದಿನ ಲಾರಿಯವನು ಹಾರ್ನ್ ಒತ್ತಿದ.
ಎತ್ತಿದೆ.
ಲಿಬೂಶೆ ಪೆಡಲು ತುಳಿದಳು, ಒತಾಕರ್ ಬಕೆಟ್ಟಿನ ಕಡೆ ನಡೆದ,
ಯಾರಿನಾ ಹಳಿ ದಾಟುವಾಗ ಬಗ್ಗಿ
ಕಂಬಿಯನ್ನು ಮುಟ್ಟಿದಳು,
ಬಿಸಿ ಇದೆಯೇ ಎಂದು ನೋಡುವವಳಂತೆ.

ಸಂಜೆಯ ಫಲಿತಾಂಶ ನೀವೂ ಕೇಳಿದ್ದೀರಿ.

ಭಾನುವಾರ ರಾತ್ರಿ ಎರಡೂವರೆಗೆ ಅದೇ ಗೂಡ್ಸು ವಾಪಸು.
ಟಾರ್ಪಾಲು ಮಡಚಿಟ್ಟಿದ್ದರು. ಖಾಲಿ ಗಾಡಿಗೆ ಸದ್ದು ಜಾಸ್ತಿ.
ರಸ್ತೆಯಲ್ಲಿ ನರಪಿಳ್ಳೆಯಿಲ್ಲ, ಆದರೂ ಗೇಟು ಇಳಿಸಬೇಕು, ನಿಯಮ.
ಇಳಿಸಿ, ಚಳಿಯಲ್ಲಿ ಹೊರಗೆ ಬಂದು ನಿಂತೆ.
ನನಗೇ ತಿಳಿಯದೆ ತುಟಿ ಅಲುಗುತ್ತಿತ್ತು:
ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು.

ಇನ್ನೊಂದು ಬರಬಹುದೆಂದು
ಬಹಳ ಹೊತ್ತು ಗೇಟು ಎತ್ತಲಿಲ್ಲ.