ಲೂರು

ಬರೆದದ್ದು ಒಂದೇ ಸಾಲು: ಊರು ಯಾವುದೆಂದರೆ ಆ ಕಡತ ನುಡಿಸು.
ವಿಂಡೋಸಿನ ಹಳೇ ಲ್ಯಾಪ್‌ಟಾಪು ಹೇಳಿದ್ದು ಕೇಳಿತು.
ಲಿನಕ್ಸು ಮೊದಲು ಮುನಿಸಿಕೊಂಡು,
ಇನ್ಯಾವುದೋ ಲೈಬ್ರರಿ ತರಿಸಿಕೊಂಡು, ಆಮೇಲೆ ಒಲಿಯಿತು.
ನನ್ನ ಫೋನಂತೂ ಕೊಟ್ಟದ್ದನ್ನೆಲ್ಲ ನುಡಿಸುವ ಸಾಧು.
ಸಂತೆಪೇಟೆಯ ಟೈರ್ ಅಂಗಡಿ ಮೇಲಿನ ಕೋಣೆಗೆ
ಆ ಸಂಜೆ ಹದಿನೇಳು ಊರುಗಳು
ಒಂದರ ಹಿಂದೊಂದು ಬಂದು ನಿಂತು ಹೋದವು.

ಕೆಟ್ಟಿದ್ದು ಬಸ್ಸಿಗೆ ಹತ್ತಿಸಿದ ಮೇಲೆ.
ಡ್ರೈವರ್ ಪಕ್ಕ ಒಂದು ಅಗ್ಗದ ಟ್ಯಾಬ್ಲೆಟ್ಟು,
ಅದರಿಂದ ಗಾಳಿಯಲ್ಲೇ ಬಾಗಿಲ ಮೇಲಿನ ಸ್ಪೀಕರಿಗೆ.
ಹಾಸನ ಬರೀ ‘ಸನ’ ಆಯಿತು.
ಅರಸಿಯ ತಲೆ ಹಾರಿ ‘ರಸೀಕೆರೆ’.
ಅಷ್ಟಾದರೂ ತಡಕೊಳ್ಳಬಹುದಿತ್ತು;
ಅಕ್ಕಪಕ್ಕ ನಿಂತ ಎರಡು ಬಸ್ಸು
ಆಲೂರಿನದೂ ‘ಲೂರು’
ಬೇಲೂರಿನದೂ ‘ಲೂರು’.

ಕನ್ನಡಕ ಒಡೆದುಕೊಂಡು, ಬೋರ್ಡು ಓದಲಾಗದೆ
ಕಿವಿಯನ್ನೇ ನಂಬಿ ಹತ್ತಿದ ಒಬ್ಬಾಕೆ
ಆಲೂರಲ್ಲಿ ಇಳಿದು, ಕಂಡಕ್ಟರನ ಫೋನಿಂದ
ನೇರ ನನಗೇ ಬೈದರು:
‘ಅರ್ಧ ಊರು ನುಂಗೋ ಮಿಷನ್ನು ಯಾವನಮ್ಮಾ ಮಾಡಿದ್ದು?’
ನಾನೇ ಎನ್ನಲು ನಾಲಗೆ ಏಳಲಿಲ್ಲ.

ಮೂರು ರಾತ್ರಿ.
ವೇವ್ ಇದ್ದದ್ದನ್ನು ಓಗ್ ಮಾಡಿದೆ, ಓಗ್ ಇದ್ದದ್ದನ್ನು ಎಂಪಿತ್ರಿ.
ಬಫರು ಹಿಗ್ಗಿಸಿದೆ, ಕುಗ್ಗಿಸಿದೆ.
ನನ್ನ ಕೋಣೆಯಲ್ಲಿ ಎಲ್ಲ ಸರಿ. ಬಸ್ಸಲ್ಲಿ ಲೂರು.
ತಪ್ಪು ಸಿಕ್ಕರೆ ಒಂದು ಸಂಕಟ,
ತಪ್ಪೇ ಇಲ್ಲವೆಂದರೆ ನಿದ್ದೆಯೇ ಇಲ್ಲ.

ಕೊನೆಗೆ ಜವರಪ್ಪನ ಮೂಲ ಧ್ವನಿ ತೆರೆದೆ.
ಸ್ಟ್ಯಾಂಡಿನಲ್ಲಿ ಇಪ್ಪತ್ತೆರಡು ವರ್ಷ ಜನ ಕರೆದು
ಬಸ್ಸು ತುಂಬಿಸಿದ ಗಂಟಲು.
ಮೈಕಿನ ಮುಂದೆ ಕುರ್ಚಿ ಹಾಕಿದರೂ ಕೂರಲಿಲ್ಲ,
‘ಕುಂತ್ರೆ ಊರೆಸ್ರು ಬರಲ್ಲ’ ಎಂದಿದ್ದ.
ಪ್ರತಿ ಹೆಸರಿಗೂ ಮುನ್ನ ಒಂದು ‘ಹ್ಞ’,
ಬಾವಿಗೆ ಕೊಡ ಮುಳುಗಿದ ಹಾಗೆ ಒಂದು ಉಸಿರು.
ಅದನ್ನು ನಾನು ಕತ್ತರಿಸಿದ್ದೆ,
ಹದಿನೇಳು ಸಲ, ನೀಟಾಗಿ,
ಕಸವೆಂದು.

ಕೇಳಲು ಹೋದೆ. ಬೈಟು ಚಹಾ ಊದುತ್ತ ಅಂದ:
‘ಮೊದಲ್ನೇದು ಊರಿಗಲ್ಲ ಕಣವ್ವ, ಕಿವಿಗೆ.
ಮಲ್ಗಿರ ಕಿವಿ ಏಳ್ಬೇಕಲ್ವಾ?’

ಮಲಗಿತ್ತು ಆ ಸ್ಪೀಕರು.
ಬ್ಯಾಟರಿ ಉಳಿಸಲು ಎರಡು ಊರಿನ ನಡುವೆ ಒಂದು ಜೋಂಪು;
ನಾನೋ ಬಾಗಿಲು ತಟ್ಟದೆ ಒಳನುಗ್ಗಿ
ನಿದ್ದೆಗಣ್ಣಿನವನಿಗೆ ವಿಳಾಸ ಹೇಳುತ್ತಿದ್ದೆ.

ಉಸಿರನ್ನು ವಾಪಸು ಅಂಟಿಸಿದೆ. ಅರೆ ಸೆಕೆಂಡು.
ಈಗ ಜವರಪ್ಪ ಉಸಿರೆಳೆಯುತ್ತಾನೆ,
ಯಾರಿಗೂ ಕೇಳದಂತೆ ಸ್ಪೀಕರು ಅದನ್ನು ನುಂಗಿ ಎಚ್ಚರಾಗುತ್ತದೆ,
ಆಮೇಲೆ ‘ಬೇ’ ಸಮೇತ ಬೇಲೂರು.

ತಂತಿ ಎಳೆದ ಒಂದು ಹಳೇ ಬಸ್ಸಿದೆ,
ಅದರ ಸ್ಪೀಕರಿಗೆ ನಿದ್ದೆ ಗೊತ್ತಿಲ್ಲ.
ಅಲ್ಲಿ ಊರು ಬರುವ ಮುನ್ನ
ಯಾರೋ ಕಿವಿಯ ಹತ್ತಿರವೇ ಉಸಿರೆಳೆದ ಹಾಗಾಗುತ್ತದಂತೆ.
ದೂರು ಬಂದಿದೆ.
ಇನ್ನೂ ಸರಿಮಾಡಿಲ್ಲ.