ಪಡುವಣ ಯಾವ ಕಡೆ?

ಕಗೋಶಿಮಾದ ಗೆಣಸಿನ ಹೊಲ. ಬೆಂಕಿಬೆಟ್ಟದ ಬೂದಿ ಉದುರುವ ಅಕ್ಟೋಬರು.
ಗುದ್ದಲಿಯ ಬಾಯಿಂದ ಕೂದಲೆಳೆಯಲ್ಲಿ ಉಳಿದು
ಮಿನೆಕೋಳ ಅಂಗೈಗೆ ಬಂದಿದೆ
ಹುಣಿಸೆಬೀಜದ ಬಣ್ಣದ ಒಂದು ಕೋಶ,
ಗಿಂಡಿಗೆ ಹಿಡಿಯಿದ್ದಂತೆ ಮೂತಿಯಲ್ಲೊಂದು ಕೊಂಕು.

"ಪಡುವಣ ಯಾವ ಕಡೆ?"
ಕೇಳುತ್ತಾಳೆ, ಊರ ಮಕ್ಕಳೆಲ್ಲ ಕೇಳುವಂತೆ,
ತಲೆಯ ಕಡೆ ಎರಡೇ ಬೆರಳಲ್ಲಿ ಹಿಡಿದು.
ಬಾಲ ತಿರುಗುತ್ತದೆ, ಬೆಟ್ಟದ ಹೊಗೆಯತ್ತ.
"ಸುಳ್ಳ! ಅದು ಮೂಡಣ."
ಮತ್ತೆ ಕೇಳಿದರೆ, ಅಜ್ಜಿಯತ್ತ.

ಅಜ್ಜಿ ಕಿಯೊನೊಗೆ ಇವನ ಪೂರ್ವಾಶ್ರಮ ಗೊತ್ತು:
ಎಲೆಯಡಿ ಸಾಸಿವೆಯಷ್ಟು ಹಸಿರು ಮೊಟ್ಟೆ,
ಆಮೇಲೆ ಬೆರಳು ದಪ್ಪದ ಮೈ, ಬಾಲಕ್ಕೊಂದು ಕೊಂಬು,
ರಾತ್ರಿಯಿಡೀ ಚರಚರ,
ಬೆಳಗಾದರೆ ಬಳ್ಳಿಗೆ ಬರಿಯ ದಂಟೇ ಗತಿ.
ಆಗಸ್ಟಿನಲ್ಲಿ ಚಾಪ್‌ಸ್ಟಿಕ್ಕಿನಿಂದ ಹೆಕ್ಕಿ ಹೆಕ್ಕಿ
ಬಿಸ್ಕತ್ತಿನ ಡಬ್ಬಿ ತುಂಬಿಸಿದ್ದಳು.
ಎಣಿಸಿಯೂ ಇದ್ದಳು: ಇನ್ನೂರ ಹದಿಮೂರು.
ಇವನು ಇನ್ನೂರ ಹದಿನಾಲ್ಕನೆಯವನು.

ಗುದ್ದಲಿ ಊರಿ ನಿಲ್ಲುತ್ತಾಳೆ.
"ಹೂಳು ಅದನ್ನ, ಗೇಣಾಳಕ್ಕೆ.
ಕೇಳಿದ್ದಕ್ಕೆ ಉತ್ತರ ಕೊಟ್ಟಿದೆಯಲ್ಲ,
ತಪ್ಪೋ ಸರಿಯೋ."

ಜೂನು. ಮಳೆ ಬಿಟ್ಟ ಮುಸ್ಸಂಜೆ.
ಸೋರೆ ಚಪ್ಪರದಲ್ಲಿ ಬಿಳಿ ಹೂ ಬಿರಿಯುವ ಹೊತ್ತು
ಬಂತು, ಕೂರದೆ ಗಾಳಿಯಲ್ಲೇ ನಿಂತಿತು
(ಓದಿದವರ ಬಾಯಲ್ಲಿ ಗಿಡುಗ-ಪತಂಗ, ಈ ಊರಲ್ಲಿ ಗುಬ್ಬಿ-ಪತಂಗ),
ಬೂದಿಯದೇ ರೆಕ್ಕೆ, ಹೊಟ್ಟೆಗೆ ಗುಲಾಬಿ ಪಟ್ಟೆ.
ಗಿಂಡಿಯ ಹಿಡಿಯೊಳಗೆ ಸುತ್ತಿಟ್ಟಿದ್ದ ನಾಲಗೆ
ಬಿಚ್ಚಿತು, ಬಿಚ್ಚಿತು,
ಮೈಗಿಂತ ಉದ್ದ.

ಮಿನೆಕೋ ಉಸಿರು ಬಿಗಿಹಿಡಿದಳು. ಏನೂ ಕೇಳಲಿಲ್ಲ.
ಅಜ್ಜಿ ಮಾತ್ರ ಗೆಣಸಿನ ಎಳೆಬಳ್ಳಿಯ ಕಡೆ ನೋಡುತ್ತ
ಆ ಡಬ್ಬಿ ಎಲ್ಲಿಟ್ಟೆನೆಂದು
ನೆನಪಿಸಿಕೊಳ್ಳುತ್ತಿದ್ದಳು.