ಅರವತ್ತರ ಆಚೆ

ಮನುಷ್ಯಾರಿಗೆ ಅರವತ್ತಿಂಚಿನ ಟೇಪು ಸಾಕು.
ಮೂವತ್ತು ವರ್ಷದಾಗ ಅದನ್ನ ದಾಟಿದ ಎದಿಗೆ
ನಾ ಒಂದೂ ಅಂಗಿ ಹೊಲದಿಲ್ಲ, ಪೈಲವಾನರದೂ ಸೈತ.
ದುಂಡಪ್ಪನ ಎತ್ತಿನ ಸಲುವಾಗಿ
ಹರಕ ಟೇಪಿನ ತುಂಡೊಂದು ಜೋಡಿಸಿದೆ ಕೆಂಪು ದಾರದಾಗ:
ಅರವತ್ತರ ಮುಂದ ಮತ್ತ ಒಂದು, ಎರಡು, ಮೂರು.

"ಅದು ಅಂಗಡ್ಯಾಗ ಬ್ಯಾಡ" ಅಂದಳು ಹೆಂಡತಿ.
ಹಿತ್ತಲ ಗೂಟಕ್ಕ ಜೋತಾಡತದ. ಸಗಣಿ ವಾಸನಿ.

ದೀಪಾವಳಿ ಆದಮ್ಯಾಲ ಮುಧೋಳದ ಸಂತ್ಯಾಗ
ಪಕ್ಕೆಲಬು ಎಣಸೂವಂಥ ಜೋಡಿ ಹಿಡಕೊಂಡು ಬಂದಾ.
ಮಹಾಲಿಂಗಪುರದ ಮಂದಿ ನಕ್ಕರು,
"ಎತ್ತ ತಂದಿಯೋ, ಬರೇ ತೊಗಲ ತಂದಿಯೋ?"
ದುಂಡಪ್ಪ ನಗಲಿಲ್ಲ. ಅವಗ ಊರ ಕಸದ ಲೆಕ್ಕ ಗೊತ್ತು.
ಕಬ್ಬು ಫ್ಯಾಕ್ಟರಿಗೆ ಹೋದರ ಸೋಗಿ ಹೊಲದಾಗ ಉಳೀತದ.
ಎಣ್ಣಿ ಪೇಟಿಗೆ ಹೋದರ ಹಿಂಡಿ.
ಬ್ಯಾಳಿ ಮಿಲ್ಲಿನ ಬಾಗಲಾಗ ತೊಗರಿ ಚುನ್ನಿ, ಚೀಲಕ್ಕಿಷ್ಟು.
ಬೆಲ್ಲದ ಗಾಣದಾಗ ಕೊಪ್ಪರಿಗಿ ಮ್ಯಾಲಿಂದ ಬಳದು
ಅತ್ತಾಗ ಸುರಿಯೂ ಮಡ್ಡಿ, ಅದು ಪುಕಟ,
ಡಬ್ಬಿ ಮಾತ್ರ ನೀವು ಒಯ್ಯಬೇಕು.

ಕಣಕಿ ಕತ್ತರಿಸಿ, ಯೂರಿಯಾ ನೀರು ಚಿಮುಕಿಸಿ,
ತಾಡಪತ್ರಿ ಹೊಚ್ಚಿ ಮೂರು ವಾರ ಬಿಟ್ಟರ
ತಗದಾಗ ಕಣ್ಣಾಗ ನೀರು ಬರೂವಂಥ ಘಾಟು.
ಒಂದ ತಾಸು ಗಾಳಿಗೆ ಹರವಬೇಕು.
ಹರವಾಕಿ ಸಣ್ಣ ಸೊಸಿ ಶಿವಲೀಲಾ,
ಸೋಗಿ ಕೊಚ್ಚಾಕಿನೂ ಆಕಿನ,
ನಸಿಕಿನ್ಯಾಗ ಚುನ್ನಿ ನೆನಿ ಇಡಾಕಿನೂ ಆಕಿನ.
ಸೆರಗು ಮೂಗಿಗೆ ಕಟಗೊಂಡು ಗ್ವಾದಲಿ ಮುಂದ ಕುಂತರ
ಎತ್ತು ಆಕಿ ಬಳಿ ನೆಕ್ಕತಿದ್ದವು, ಉಪ್ಪಿಗೋ ಏನೋ.

ಪ್ರತಿ ಐತವಾರ ಸಂಜಿಕೆ ನಾನು, ಟೇಪು, ನೋಟಬುಕ್ಕು.
ಮುಂಗಾಲ ಹಿಂದ ಸುತ್ತಿ, ಉಸರು ಬಿಟ್ಟ ಹೊತ್ತಿಗೆ ಹಿಡೀಬೇಕು,
ಇಲ್ಲಾಂದ್ರ ಸುಳ್ಳ ಹೇಳತದ ಎತ್ತೂ.
ಐವತ್ತೊಂಬತ್ತು.
ಅರವತ್ತು ಅರ್ಧ.
ಸಂಕ್ರಾಂತಿಗೆ ಕೆಂಪು ದಾರ ದಾಟಿ ಎರಡು ಬೆರಳು.
ಎಲಬಿನ ಮ್ಯಾಲ ಮಾಂಸ, ಮಾಂಸದ ಮ್ಯಾಲ ಹೊಳಪು,
ಡುಬ್ಬದ ಮ್ಯಾಲ ಕಾಗಿ ಕುಂತರ ಜಾರಬೇಕು.
ನಕ್ಕ ಮಂದೀನ ಈಗ ರೇಟು ಕೇಳತಿತ್ತು.
"ಊರು ಉಗುಳಿದ್ದು ತಿಂದು ಹ್ಯಾಂಗ ಆದಾವ ನೋಡು"
ಅಂದ ದುಂಡಪ್ಪ. ನನಗೂ ಹೆಮ್ಮಿ, ಅಳದಾವ ನಾನಲ್ಲ.

ಹೆಣ್ಣಮಕ್ಕಳ ಅಳತಿ ಹೆಂಡತಿ ತಗೀತಾಳ,
ಪರದೆ ಹಿಂದಿಂದ ಕೂಗತಾಳ, ನಾ ಬರಕೋತೀನಿ.
ಯುಗಾದಿ ಕುಬಸಕ್ಕ ಶಿವಲೀಲಾ ಬಂದಳು.
"ಮೂವತ್ತು" ಅಂದಳು ಹೆಂಡತಿ. ಒಂದ ಗಳಿಗಿ ಬಿಟ್ಟು,
"ಹೌದು, ಮೂವತ್ತ. ಎರಡ ಸಲ ನೋಡಿದೆ."
ಹಿಂದಿನ ಹಾಳಿ ತಿರುವಿದೆ.
ವೈಶಾಖದಾಗ ಮದವಿ ಕುಬಸ: ಮೂವತ್ಮೂರೂವರಿ.
ಅದರ ಎದುರಿನ ಹಾಳ್ಯಾಗ ಎತ್ತಿಂದು,
ನನ್ನವ ಅಕ್ಷರ, ಅದ ಪೆನ್ಸಿಲ್ಲು.

ಆ ಮನ್ಯಾಗ ಮೊದಲ ಗಂಡಸರು, ಆಮ್ಯಾಲ ಹುಡುಗರು,
ಆಮ್ಯಾಲ ಅತ್ತಿ, ದೊಡ್ಡ ಸೊಸಿ.
ಬುಟ್ಟಿ ತಳದಾಗ ಏನ ಉಳೀತದೋ
ನಾ ನೋಡಿಲ್ಲ. ಸಿಂಪಿಗ್ಯಾ ನಾ, ಹೊರಗಿನಾವ.

ಪರದೆ ಸರಿಸಿ ಬಂದಾಕಿ ನಕ್ಕಳು,
"ಹಳೆ ಅಳತಿಗೇ ಹೊಲೀರಿ ಕಾಕಾ,
ತವರಿಗೆ ಹೊಂಟೀನಿ. ಅವ್ವ ನೋಡತಾಳ."

ಮುಂದಿನ ಐತವಾರ ಅರವತ್ತೇಳು ಮುಟ್ಟಿತು.
ದುಂಡಪ್ಪ ಹಣಿ ತಡವಿ ಕೇಳಿದ,
"ಸಂತಿ ವಾರಾ ಬಂತು. ಲೆಕ್ಕ ಹೇಳಪಾ ಪೂರಾ."
"ಎರಡೂ ಎಂಟೆಂಟ ಇಂಚು ಏರ್ಯಾವ" ಅಂದೆ.
ಟೇಪು ಸುತ್ತಿದೆ. ಬಿಚ್ಚಿದೆ. ಮತ್ತ ಸುತ್ತಿದೆ.
"ಒಂದು ಮಾತ್ರ ಮೂರೂವರಿ ಇಳದೈತಿ."

"ಯಾವದು?" ಗಾಬರಿಯಾದ ಅಂವಾ,
"ಎಡಗೋಲಿಂದೋ, ಬಲಗೋಲಿಂದೋ?"
ಎರಡರ ಬೆನ್ನ ಮ್ಯಾಲೂ ಕೈ ಇಟ್ಟು
ಹುಡಕಾಕ ಹತ್ತಿದ.

ಅಡ್ಡಗೋಡಿ ಆಚೆ
ಸೋಗಿ ಕೊಚ್ಚೂ ಸಪ್ಪಳ
ನಿಂತಿತ್ತು.